ಸ್ಕ್ವೀಜಿ ಚಾನೆಲ್‌ನ ಮಾರ್ಪಾಡು

ಗಾಜಿನ ಮೇಲಿನ ನೀರನ್ನು ಬಳಿದು ತೆಗೆಯುವ, ರಬ್ಬರು ಅಂಚಿನ ಉಪಕರಣಕ್ಕೆ ಸ್ಕ್ವೀಜಿ ಎಂದು ಹೆಸರು. ನಮ್ಮಲ್ಲಿ ಇದನ್ನು ಸಾಮಾನ್ಯವಾಗಿ ಗ್ಲಾಸ್ ವೈಪರ್ ಎನ್ನುತ್ತಾರೆ. ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳಲ್ಲಿ ಶಾಯಿ ಎಳೆಯುವ ರಬ್ಬರಿಗೂ ಸ್ಕ್ವೀಜಿ ಎಂದೇ ಹೆಸರಿದೆ. ಕಿಟಕಿ ತೊಳೆಯುವ ಸ್ಕ್ವೀಜಿಯಲ್ಲಿ ಮುಖ್ಯವಾಗಿ ಮೂರು ಭಾಗಗಳು: ಕೈಗೆ ಸಿಗುವ ಹಿಡಿ, ಗಾಜನ್ನು ಮುಟ್ಟುವ ರಬ್ಬರು ಪಟ್ಟಿ, ಇವೆರಡರ ನಡುವೆ ರಬ್ಬರನ್ನು ಉದ್ದಕ್ಕೂ ಕಚ್ಚಿ ಹಿಡಿದಿರುವ ಲೋಹದ ಪಟ್ಟಿ. ಮೂರನೆಯದೇ ಚಾನೆಲ್. ಇದನ್ನು ಕತ್ತರಿಸಿ, ಬಗ್ಗಿಸಿ, ಅರದಿಂದ ಉಜ್ಜಿ ಗಾಜಿಗೆ ತಕ್ಕಂತೆ ಮಾಡಿಕೊಳ್ಳುವ ಪದ್ಧತಿ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ವೃತ್ತಿನಿರತ ಕಿಟಕಿ ತೊಳೆಯುವವರಲ್ಲಿ ಬೆಳೆದುಬಂದಿದೆ. ಗಾಜಿನಲ್ಲಿ ಗೆರೆ ಉಳಿದಾಗ ಎಲ್ಲರೂ ದೂರುವುದು ರಬ್ಬರನ್ನು. ಆದರೆ ರಬ್ಬರು ಗಾಜನ್ನು ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂಬುದನ್ನು ನಿರ್ಧರಿಸುವುದು ಅದರ ಬೆನ್ನಿಗಿರುವ ಲೋಹ. ಈ ಕಸುಬಿನಲ್ಲಿ ಅತ್ಯಂತ ಕಡಿಮೆ ಗಮನ ಸಿಕ್ಕಿರುವ ಭಾಗವೂ ಅದೇ.

ಕೆಲಸದ ಬಗೆ

ಸಾಬೂನು ನೀರು ಬಳಿದ ಗಾಜಿನ ಮೇಲೆ ತೆಳುವಾದ ನೀರಿನ ಪದರ ನಿಲ್ಲುತ್ತದೆ. ರಬ್ಬರು ಪಟ್ಟಿಯ ಚೌಕ ಮೂಲೆ ಈ ಪದರವನ್ನು ಕೆತ್ತಿದಂತೆ ಎತ್ತಿ ಮುಂದಕ್ಕೆ ತಳ್ಳುತ್ತದೆ. ಹಿಂದೆ ಉಳಿಯುವ ತೇವ ಕ್ಷಣದಲ್ಲಿ ಆರಿಹೋಗುವಷ್ಟು ತೆಳ್ಳಗಿದ್ದರೆ ಗಾಜು ಸ್ವಚ್ಛ. ಇಲ್ಲದಿದ್ದರೆ ಆ ನೀರು ನಿಧಾನವಾಗಿ ಆರಿ, ಅದರಲ್ಲಿದ್ದ ಕೊಳೆ ಮತ್ತು ಲವಣಗಳು ಗೆರೆಯಾಗಿ ಕೂರುತ್ತವೆ. ಸಾಬೂನಿಗೆ ಇಲ್ಲಿ ಎರಡು ಕೆಲಸ: ಕೊಳೆಯನ್ನು ಸಡಿಲಿಸುವುದು, ರಬ್ಬರು ಜಾರುವಂತೆ ಮಾಡುವುದು. ಜಾರಿಕೆ ಸಾಲದಾದಾಗ ರಬ್ಬರು ಗಾಜಿಗೆ ಅಂಟಿ, ಬಿಟ್ಟು, ಮತ್ತೆ ಅಂಟಿ ಕಟಕಟನೆ ನಡುಗುತ್ತದೆ. ಆಗ ಗಾಜಿನ ಮೇಲೆ ಏಣಿಯ ಮೆಟ್ಟಿಲುಗಳಂತೆ ಅಡ್ಡಗೆರೆಗಳು ಮೂಡುತ್ತವೆ.

ಒತ್ತಡ ಹೆಚ್ಚಾದರೆ ಕೆಲಸ ಚೆನ್ನಾಗುತ್ತದೆ ಎಂದುಕೊಳ್ಳುವುದು ತಪ್ಪು. ಹೆಚ್ಚು ಒತ್ತಿದಾಗ ರಬ್ಬರು ಬಾಗಿ ಮಲಗುತ್ತದೆ. ಚೂಪಾದ ಮೂಲೆ ಗಾಜಿನಿಂದ ಎದ್ದು, ಪಟ್ಟಿಯ ಪಕ್ಕದ ಮೈ ಗಾಜನ್ನು ಸವರತೊಡಗುತ್ತದೆ. ಕಡಿಮೆ ಒತ್ತಿದರೆ ನೀರು ಅಡಿಯಿಂದ ನುಸುಳುತ್ತದೆ. ಬೇಕಾದದ್ದು ಹದವಾದ ಒತ್ತಡ, ಅದೂ ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿ.

ತೊಡಕು ಹುಟ್ಟುವುದು ಇಲ್ಲೇ. ಕೈಯ ಬಲ ಚಾನೆಲ್‌ಗೆ ತಲುಪುವುದು ನಡುವಿನಲ್ಲಿ, ಹಿಡಿ ಕೂಡುವ ಜಾಗದಲ್ಲಿ. ಅಲ್ಲಿಂದ ಎರಡೂ ಕಡೆ ಚಾಚಿದ ಭಾಗಗಳು ಗೋಡೆಯಿಂದ ಹೊರಚಾಚಿದ ತೊಲೆಗಳಂತೆ ವರ್ತಿಸುತ್ತವೆ. ಗಾಜು ತಿರುಗಿ ಒತ್ತಿದಾಗ ತುದಿಗಳು ಹಿಂದಕ್ಕೆ ಬಾಗುತ್ತವೆ. ಉದ್ದಕ್ಕೂ ಸಮನಾದ ಭಾರ ಹೊತ್ತ ಇಂಥ ತೊಲೆಯ ತುದಿ ಬಾಗುವ ಪ್ರಮಾಣ ಅದರ ಉದ್ದದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 35 ಸೆಂಟಿಮೀಟರಿನ ಚಾನೆಲ್ ಬಿಟ್ಟು ಅದೇ ದಪ್ಪದ 45 ಸೆಂಟಿಮೀಟರಿನದನ್ನು ಹಿಡಿದರೆ ಉದ್ದ ಹೆಚ್ಚುವುದು ಒಂದೂಕಾಲು ಪಟ್ಟಿಗಿಂತ ತುಸು ಮಿಗಿಲು, ತುದಿಯ ಬಾಗು ಹೆಚ್ಚುವುದು ಸುಮಾರು 2.7 ಪಟ್ಟು. ದೊಡ್ಡ ಸ್ಕ್ವೀಜಿ ಕೊಂಡವರು ಅಂಚಿನಲ್ಲಿ ನೀರಿನ ಗೆರೆ ಬಿಡುವುದಕ್ಕೆ ಕೈಯ ಅಭ್ಯಾಸವೊಂದೇ ಕಾರಣವಾಗಿರಬೇಕಿಲ್ಲ.

ಲೋಹದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಬಾಗದೆ ನಿಲ್ಲುವ ಗುಣದಲ್ಲಿ ಸ್ಟೇನ್‌ಲೆಸ್ ಉಕ್ಕು ಹಿತ್ತಾಳೆಯ ಸುಮಾರು ಎರಡರಷ್ಟು. ಅಲ್ಯೂಮಿನಿಯಂ ಹಿತ್ತಾಳೆಗಿಂತಲೂ ಕಡಿಮೆ. ಆದರೆ ಅಲ್ಯೂಮಿನಿಯಂ ತೂಕದಲ್ಲಿ ಹಿತ್ತಾಳೆಯ ಮೂರನೆಯ ಒಂದು ಭಾಗದಷ್ಟೇ ಇರುವುದರಿಂದ ಅದನ್ನು ದಪ್ಪನೆಯ, ಅಗಲವಾದ ಆಕಾರದಲ್ಲಿ ಅಚ್ಚಿನ ಬಾಯಿಂದ ಒತ್ತಿ ಹೊರತೆಗೆದರೂ ಕೈಗೆ ಭಾರವಾಗುವುದಿಲ್ಲ. ಉದ್ದದ ಚಾನೆಲ್‌ಗಳು ಹೆಚ್ಚಾಗಿ ಅಲ್ಯೂಮಿನಿಯಮ್ಮಿನವಾಗಿರುವುದಕ್ಕೆ ಕಾರಣ ಇದು.

ಹಿನ್ನೆಲೆ

ಸ್ಕ್ವೀಜಿಯ ಮೂಲ ಹಡಗು. ಹಡಗಿನ ಅಟ್ಟದ (ಡೆಕ್) ಮೇಲಿನ ನೀರು, ಮೀನಿನ ಜಿಡ್ಡು ಬಳಿಯಲು ನಾವಿಕರು ಉದ್ದ ಕೋಲಿನ ಉಪಕರಣ ಬಳಸುತ್ತಿದ್ದರು. 1851ರಲ್ಲಿ ಪ್ರಕಟವಾದ ಹರ್ಮನ್ ಮೆಲ್ವಿಲ್‌ನ 'ಮೋಬಿ ಡಿಕ್' ಕಾದಂಬರಿಯಲ್ಲಿ ತೊಗಲಿನ ಸ್ಕ್ವಿಲ್ಜಿಯ, ಅಂದರೆ ಸ್ಕ್ವೀಜಿಯ, ಪ್ರಸ್ತಾಪವಿದೆ. ನೆಲದಿಂದ ಗಾಜಿಗೆ ಬಂದ ಮೇಲೂ ಇದು ಬಹುಕಾಲ ಒರಟಾಗಿಯೇ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಬಳಕೆಯಲ್ಲಿದ್ದ 'ಚಿಕಾಗೋ ಸ್ಕ್ವೀಜಿ' ಭಾರವಾದ ಉಕ್ಕಿನದು. ಅದಕ್ಕೆ ನಸುಗೆಂಪು ಬಣ್ಣದ ಎರಡು ರಬ್ಬರು ಪಟ್ಟಿಗಳು. ರಬ್ಬರು ಬದಲಿಸಬೇಕೆಂದರೆ 12 ತಿರುಪುಗಳನ್ನು ಬಿಚ್ಚಬೇಕಾಗಿತ್ತು.

ಇದರಿಂದ ಬೇಸತ್ತವರಲ್ಲಿ ಒಬ್ಬ ಎತ್ತೋರೆ ಸ್ಟೆಕ್ಕೋನೆ. ಇಟಲಿಯಿಂದ ವಲಸೆ ಬಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಕಿಟಕಿ ತೊಳೆದು ಬದುಕುತ್ತಿದ್ದವನು. ಹಗುರವಾದ ಹಿತ್ತಾಳೆಯ ಚಾನೆಲ್, ಅದರಲ್ಲಿ ಒಂದೇ ಒಂದು ತೆಳು ರಬ್ಬರು, ಇಂಗ್ಲಿಷಿನ 'ಟಿ' ಅಕ್ಷರದ ಆಕಾರ: ಅವನು ರೂಪಿಸಿದ ಈ ಉಪಕರಣಕ್ಕೆ 1936ರಲ್ಲಿ ಪೇಟೆಂಟ್ ಸಿಕ್ಕಿತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಕಿಟಕಿ ತೊಳೆಯುವವರ ಕೈ ನೋಡಿದರೂ ಕಾಣುವುದು ಇದೇ ವಿನ್ಯಾಸದ ಸಂತತಿ. ಇದನ್ನು ಮಾಡಿದವನು ಎಂಜಿನಿಯರ್ ಆಗಿರಲಿಲ್ಲ, ತಾನೇ ಬಕೆಟ್ ಹೊತ್ತವನು ಎಂಬುದನ್ನು ಒತ್ತಿ ಹೇಳಬೇಕು. ಮುಂದೆ ಚಾನೆಲ್‌ನಲ್ಲಿ ಆದ ಹಲವು ಬದಲಾವಣೆಗಳೂ ಹೀಗೆ ಕೆಲಸಗಾರರ ಕೈಯಲ್ಲೇ ಮೊಳೆತವು.

ಸ್ಟೆಕ್ಕೋನೆಯ ವಿನ್ಯಾಸಕ್ಕೆ ಗಾಜೂ ಅನುಕೂಲವಾಗಿ ಬದಲಾಯಿತು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಬ್ರಿಟನ್ನಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿತು. ಅದಕ್ಕಿಂತ ಹಿಂದಿನ ಊದುಗಾಜಿನ ಕಿಟಕಿಗಳಲ್ಲಿ ಮೈ ಅಲೆಅಲೆಯಾಗಿರುತ್ತದೆ. ನೇರವಾದ, ಬಿಗಿಯಾದ ಚಾನೆಲ್ ಅಲೆಯ ನೆತ್ತಿಯನ್ನು ಮುಟ್ಟಿ ತಗ್ಗನ್ನು ಬಿಡುತ್ತದೆ. ತೇಲುಗಾಜು ಸಮತಟ್ಟಾಗಿ ಬಂದದ್ದರಿಂದ ನೇರ ಚಾನೆಲ್‌ಗೆ ಅರ್ಥ ಬಂತು. ಆದರೂ ಕಾಯಿಸಿ ಹದಗೊಳಿಸಿದ ಟಫನ್ಡ್ ಗಾಜು ಕುಲುಮೆಯ ಉರುಳೆಗಳ ಮೇಲೆ ಸಾಗುವಾಗ ನವಿರಾದ ಅಲೆಗಳನ್ನು ಹೊತ್ತುಕೊಳ್ಳುತ್ತದೆ. ಅಲ್ಲಿ ತುಸು ಬಳುಕುವ ಚಾನೆಲ್, ತುಸು ಮೆದುವಾದ ರಬ್ಬರು ಬೇಕಾಗುತ್ತದೆ.

ಮಾರ್ಪಾಡಿಗೆ ಮೊದಲು

ಚಾನೆಲ್‌ಗೆ ಅರ ಹಚ್ಚುವ ಮೊದಲು ರಬ್ಬರು ಬದಲಿಸಿ ನೋಡಬೇಕು. ಅಂಚು ಸವೆದು ದುಂಡಗಾಗಿದ್ದರೆ ಲೋಹವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಹೆಚ್ಚಿನ ರಬ್ಬರು ಪಟ್ಟಿಗಳನ್ನು ಮಗುಚಿ ಹಾಕಿ ಇನ್ನೊಂದು ಅಂಚನ್ನೂ ಬಳಸಬಹುದು. ಚಳಿಗೆ ಮೆದು ರಬ್ಬರು, ಬಿಸಿಲಿಗೆ ಗಟ್ಟಿ ರಬ್ಬರು ಎಂಬುದು ಕಸುಬಿನವರ ರೂಢಿ. ಪಟ್ಟಿಯನ್ನು ಚಾನೆಲ್‌ನೊಳಗೆ ಕೂರಿಸುವಾಗ ಜಗ್ಗಿ ಎಳೆದರೆ ಅದು ತೆಳ್ಳಗಾಗಿ, ಆಮೇಲೆ ತುದಿಗಳು ಒಳಕ್ಕೆ ಸರಿಯುತ್ತವೆ. ಸಡಿಲ ಬಿಟ್ಟರೆ ಅಂಚು ಅಲೆಯಾಡುತ್ತದೆ. ಎರಡೂ ತುದಿಗಳಲ್ಲಿ ರಬ್ಬರು ಲೋಹಕ್ಕಿಂತ ಸುಮಾರು 3 ಮಿಲಿಮೀಟರ್ ಹೊರಗಿರಬೇಕು. ಆಗ ಚೌಕಟ್ಟಿಗೆ ತಾಗುವುದು ರಬ್ಬರು, ಲೋಹವಲ್ಲ.

ನಂತರ ಚಾನೆಲ್ ನೆಟ್ಟಗಿದೆಯೇ ಎಂಬ ಪರೀಕ್ಷೆ. ರಬ್ಬರು ತೆಗೆದು, ಕೊಳೆ ಒರೆಸಿ, ದಪ್ಪ ಗಾಜಿನ ಮೇಲೆ ಮೆಲ್ಲಗೆ ನಿಲ್ಲಿಸಿ ಬೆಳಕಿಗೆ ಎದುರಾಗಿ ಹಿಡಿದರೆ ಅಡಿಯಲ್ಲಿ ಬೆಳಕು ನುಸುಳುವ ಜಾಗ ಕಾಣುತ್ತದೆ. ಏಣಿಯಿಂದ ಬಿದ್ದ ಚಾನೆಲ್ ಮೇಲ್ನೋಟಕ್ಕೆ ಸರಿಯಾಗಿಯೇ ಇರುತ್ತದೆ. ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ತುಟಿಗಳು, ಅಂದರೆ ರಬ್ಬರನ್ನು ಕಚ್ಚುವ ಸೀಳಿನ ಅಂಚುಗಳು, ಅಗಲಿ ರಬ್ಬರು ಜಾರುತ್ತಿದ್ದರೆ ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಅಲ್ಲಲ್ಲಿ ಮೆಲ್ಲಗೆ ಅದುಮಿದರೆ ಸಾಕು. ಒಂದೇ ಕಡೆ ಬಲವಾಗಿ ಅದುಮಿದರೆ ಅಲ್ಲಿ ರಬ್ಬರು ಉಬ್ಬಿ ಹೊಸ ಗೆರೆಗೆ ದಾರಿಯಾಗುತ್ತದೆ.

ತುದಿಯ ಕೆಲಸ

ಚಾನೆಲ್ ತಿದ್ದುವವರ ಶ್ರಮದ ಬಹುಪಾಲು ಎರಡು ತುದಿಗಳ ಒಂದೊಂದು ಅಂಗುಲದಲ್ಲೇ ಕಳೆಯುತ್ತದೆ. ಗಾಜಿನ ನಟ್ಟನಡುವೆ ಯಾವ ಸ್ಕ್ವೀಜಿಯಾದರೂ ಚೆನ್ನಾಗಿಯೇ ಓಡುತ್ತದೆ. ಚೌಕಟ್ಟಿನ ಬದಿಯಲ್ಲಿ, ಮೂಲೆಯಲ್ಲಿ ಉಳಿಯುವ ನೀರೇ ಕೆಲಸಗಾರನ ಸಮಯ ತಿನ್ನುವುದು. ಗಾಜನ್ನು ಎಳೆದು ಮುಗಿಸಿದ ಮೇಲೆ ಬಟ್ಟೆ ಹಿಡಿದು ನಾಲ್ಕೂ ಅಂಚು ಒರೆಸುವ ಕೆಲಸ ಕೆಲವೊಮ್ಮೆ ಎಳೆತಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಸ್ಕ್ವೀಜಿಯನ್ನು ಎತ್ತದೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾವು ಹರಿದಂತೆ ತಿರುಗಿಸುತ್ತ ಕೆಳಗಿಳಿಸುವ ವಿಧಾನಕ್ಕೆ ಫ್ಯಾನಿಂಗ್ ಎನ್ನುತ್ತಾರೆ. ಬೀಸಣಿಗೆ ಬೀಸಿದ ಹಾಗೆ ಮಣಿಕಟ್ಟು ತಿರುಗುವುದರಿಂದ ಈ ಹೆಸರು. ತಿರುವಿನಲ್ಲಿ ಉಪಕರಣದ ಒಂದು ತುದಿ ಚೌಕಟ್ಟಿನ ಸಂದಿಗೆ ನುಗ್ಗಬೇಕು. ಚಾನೆಲ್‌ನ ತುದಿ ಚೌಕಾಕಾರವಾಗಿದ್ದರೆ ರಬ್ಬರಿಗಿಂತ ಮೊದಲು ಲೋಹದ ಮೇಲಿನ ಮೂಲೆ ಚೌಕಟ್ಟಿಗೆ ತಾಗಿ ನಿಲ್ಲುತ್ತದೆ. ಅದಕ್ಕೆ ಪರಿಹಾರವಾಗಿ ಬಂದದ್ದು ಓರೆಕೊಯ್ತ: ಲೋಹದ ಮೇಲ್ಮೂಲೆಯನ್ನು ಸುಮಾರು 40ರಿಂದ 45 ಡಿಗ್ರಿ ಓರೆಯಲ್ಲಿ ಕತ್ತರಿಸಿ ತೆಗೆದರೆ, ತಿರುವಿನಲ್ಲಿ ರಬ್ಬರಿನ ತುದಿ ಮುಂದೆ ಹೋಗಿ ಲೋಹ ಹಿಂದೆ ಉಳಿಯುತ್ತದೆ.

ಎರಡನೆಯದು ತುದಿ ಬಗ್ಗಿಸುವುದು. ಚಾನೆಲ್‌ನ ಕೊನೆಯ ಭಾಗವನ್ನು ಗಾಜಿನ ಕಡೆಗೆ ತುಸು ಬಾಗಿಸಿದರೆ ರಬ್ಬರಿನ ತುದಿಗೆ ಹೆಚ್ಚಿನ ಆಸರೆ ಸಿಕ್ಕಿ ಅದು ಗಾಜನ್ನು ಬಿಡದೆ ಕಚ್ಚುತ್ತದೆ. ಇಂಗ್ಲಿಷ್ ಮಾತಾಡುವ ಕಸುಬಿನವರು ಇದನ್ನು ಡಾಗ್ ಇಯರ್, ಅಂದರೆ ನಾಯಿಕಿವಿ ಎನ್ನುತ್ತಾರೆ. ಎಷ್ಟು ಬಗ್ಗಿಸಬೇಕೆಂಬುದಕ್ಕೆ ಒಂದೇ ಅಳತೆಯಿಲ್ಲ. ರಬ್ಬರಿನ ಗಡಸು, ಲೋಹದ ದಪ್ಪ, ಬಳಸುವವನ ಕೈಭಾರ ಮೂರೂ ಸೇರಿ ಅದನ್ನು ತೀರ್ಮಾನಿಸುತ್ತವೆ. ಸ್ವಲ್ಪ ಬಗ್ಗಿಸು, ರಬ್ಬರು ಹಾಕು, ಗಾಜಿನ ಮೇಲೆ ಎಳೆದು ನೋಡು, ಮತ್ತೆ ಬಗ್ಗಿಸು: ಇದೊಂದೇ ದಾರಿ. ಅತಿಯಾದರೆ ತುದಿಯಲ್ಲಿ ರಬ್ಬರು ಮಲಗಿ, ಅದರ ಒಳಬದಿಯಲ್ಲಿ ಒಂದು ಗೆರೆ ಕಾಣಿಸಿಕೊಳ್ಳುತ್ತದೆ. ಆ ಗೆರೆ ಕಂಡಾಗ ಹಿಂದಕ್ಕೆ ನೆಟ್ಟಗೆ ಮಾಡಬೇಕು.

ಇಲ್ಲಿ ಲೋಹದ ಸ್ವಭಾವ ತಿಳಿದಿರಬೇಕು. ಹಿತ್ತಾಳೆ ಒಗ್ಗುವ ಲೋಹ. ಮರದ ತುಂಡಿನ ಮೇಲಿಟ್ಟು ಒತ್ತಿದರೆ ಬಾಗುತ್ತದೆ, ಬಾಗಿದ್ದಲ್ಲಿ ನಿಲ್ಲುತ್ತದೆ. ಸ್ಟೇನ್‌ಲೆಸ್ ಉಕ್ಕು ಬಗ್ಗಿಸಿ ಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಬಗ್ಗಿಸಬೇಕು, ಅದಕ್ಕೆ ಬೆಂಚ್ ವೈಸ್ ಇರಬೇಕು. ಒಂದೇ ಜಾಗದಲ್ಲಿ ಹತ್ತಾರು ಸಲ ಬಗ್ಗಿಸಿದರೆ ಅಲ್ಲಿ ಅದು ಇನ್ನಷ್ಟು ಗಡುಸಾಗುತ್ತದೆ. ಗಡುಸು ಮಾಡಿದ ಅಲ್ಯೂಮಿನಿಯಂ ಚಾನೆಲ್ಲನ್ನು ಬಗ್ಗಿಸಲು ಹೋಗಬಾರದು, ತೀಕ್ಷ್ಣವಾದ ಬಾಗಿನಲ್ಲಿ ಅದು ಬಿರಿಯುತ್ತದೆ. ಅದಕ್ಕೆ ಗರಗಸ ಮತ್ತು ಅರದ ಕೆಲಸವೇ ಸರಿ.

ಉದ್ದದ ಚಾನೆಲ್‌ಗಳಿಗೆ ಮೂರನೆಯ ಉಪಾಯವಿದೆ: ಇಡೀ ಪಟ್ಟಿಗೆ ಬಿಲ್ಲಿನಂತೆ ಅತಿ ಸಣ್ಣ ಬಾಗು ಕೊಡುವುದು. ತುದಿಗಳು ಗಾಜಿನತ್ತ, ನಡು ತುಸು ಮೇಲೆ. ಕೈ ಒತ್ತಿದಾಗ ಬಿಲ್ಲು ನೆಟ್ಟಗಾಗುತ್ತದೆ, ಒತ್ತಡ ತುದಿಯವರೆಗೂ ಸಮನಾಗಿ ಹರಡುತ್ತದೆ. ಕಾರಿನ ಮುಂಗಾಜಿಗೆ ಈಗ ಬರುವ ಕೀಲಿಲ್ಲದ ಚಪ್ಪಟೆ ವೈಪರನ್ನು ಬಿಚ್ಚಿ ಕೈಯಲ್ಲಿ ಹಿಡಿದವರಿಗೆ ಇದು ಹೊಸದೆನಿಸದು. ಅದರೊಳಗಿನ ಉಕ್ಕಿನ ಪಟ್ಟಿಯೂ ಮೊದಲೇ ಬಾಗಿರುತ್ತದೆ, ಗಾಜಿಗೆ ಒತ್ತಿದಾಗ ಅದರ ಮೈಗೆ ಹೊಂದಿಕೊಳ್ಳುತ್ತದೆ. ಈ ಉಪಾಯ ಅತ್ಯಂತ ಪರಿಣಾಮಕಾರಿ, ಆದರೆ ಕೈಯಿಂದ ಮಾಡುವುದು ಕಷ್ಟ. ಬಾಗು ಒಂದೇ ಹದದಲ್ಲಿ ಉದ್ದಕ್ಕೂ ಹರಡದೆ ಎಲ್ಲೋ ಒಂದು ಕಡೆ ಮುರಿದಂತಾದರೆ ಆ ಚಾನೆಲ್ ಹಾಳಾದಂತೆಯೇ.

ಕತ್ತರಿಸಿದ ಲೋಹದ ಅಂಚಿನಲ್ಲಿ ಕಣ್ಣಿಗೆ ಕಾಣದ ಚೂಪು ಮುಳ್ಳುಗಳು ಏಳುತ್ತವೆ. ಅವನ್ನು ಸಣ್ಣ ಅರದಿಂದ, ಆಮೇಲೆ ನೀರಿನಲ್ಲಿ ಉಜ್ಜುವ ನಯವಾದ ಎಮರಿ ಕಾಗದದಿಂದ ತೆಗೆಯಬೇಕು. ಬೆರಳು ಸವರಿದರೆ ಸಾಲದು. ಹಳೆಯ ನೈಲಾನ್ ಬಟ್ಟೆಯ ಮೇಲೆ ಎಳೆದರೆ ಎಳೆ ಸಿಕ್ಕಿಕೊಳ್ಳುವ ಜಾಗ ತಿಳಿಯುತ್ತದೆ. ಮುಳ್ಳು ಉಳಿದರೆ ಮೊದಲು ಹರಿಯುವುದು ರಬ್ಬರು. ಆಮೇಲೆ ಕಿಟಕಿಯ ಚೌಕಟ್ಟಿನ ಬಣ್ಣ, ಗಾಜಿಗೆ ಅಂಟಿಸಿದ ಸನ್ ಫಿಲ್ಮ್. ಅರದ ಪುಡಿಯನ್ನೂ ಅದರೊಂದಿಗೆ ಸೇರಿದ ಮರಳಿನ ಕಣಗಳನ್ನೂ ಪೂರ್ತಿ ತೊಳೆದ ಮೇಲೆಯೇ ರಬ್ಬರು ಏರಿಸಬೇಕು. ಸಾಧಾರಣ ಗಾಜಿನ ಗಡಸು ಮೋಸ್ ಮಾನದಲ್ಲಿ ಸುಮಾರು 5.5, ಮರಳಿನ ಕಣದ್ದು 7. ರಬ್ಬರಿನಡಿ ಸಿಕ್ಕಿದ ಒಂದೇ ಒಂದು ಕಣ ಇಡೀ ಹಾಳೆಯ ಉದ್ದಕ್ಕೂ ಅಳಿಸಲಾಗದ ಗೀರು ಎಳೆಯಬಲ್ಲದು.

ಸಣ್ಣ ಗಾಜುಗಳಿಗೆ ಅಳತೆ

ಬ್ರಿಟನ್ನಿನ ಜಾರ್ಜಿಯನ್ ಶೈಲಿಯ ಮನೆಗಳಲ್ಲಿ, ಅಮೆರಿಕದ ಪೂರ್ವ ಕರಾವಳಿಯ ಹಳೆಯ ಮನೆಗಳಲ್ಲಿ ಒಂದು ಕಿಟಕಿಯನ್ನು ಮರದ ಅಡ್ಡಪಟ್ಟಿಗಳಿಂದ ಹತ್ತಾರು ಚಿಕ್ಕ ಚೌಕಗಳಾಗಿ ಭಾಗಿಸಿರುತ್ತಾರೆ. ಅಂಗಡಿಯಲ್ಲಿ ಸಿಗುವ ಅಳತೆಯ ಸ್ಕ್ವೀಜಿ ಇಂಥ ಗಾಜಿಗೆ ಒಂದೋ ದೊಡ್ಡದಾಗುತ್ತದೆ, ಇಲ್ಲವೇ ಚಿಕ್ಕದಾಗಿ ಎರಡು ಮೂರು ಎಳೆತ ಬೇಡುತ್ತದೆ. ಚಾನೆಲ್ಲನ್ನು ಗಾಜಿನ ಅಗಲಕ್ಕೆ ಕತ್ತರಿಸಿಕೊಳ್ಳುವ ಪದ್ಧತಿಗೆ ಕಾರಣ ಈ ಕಿಟಕಿಗಳು.

ಹೇಳಲು ಸುಲಭ, ಮಾಡಲು ತಾಳ್ಮೆ ಬೇಕು. ಲೋಹವನ್ನು ಗಾಜಿನ ಅಗಲಕ್ಕಿಂತ ಸುಮಾರು 6 ಮಿಲಿಮೀಟರ್ ಕಡಿಮೆ ಮಾಡಿ ಕತ್ತರಿಸಬೇಕು, ರಬ್ಬರನ್ನು ಗಾಜಿನ ಪೂರ್ತಿ ಅಗಲಕ್ಕೆ ಬಿಡಬೇಕು. ಆಗ ಪ್ರತಿ ಬದಿಯಲ್ಲಿ 3 ಮಿಲಿಮೀಟರ್ ರಬ್ಬರು ಹೊರಗುಳಿಯುತ್ತದೆ. ಕೈಯಿಂದ ಮಾಡಿದ ಹಳೆಯ ಕಿಟಕಿಯಲ್ಲಿ ಯಾವ ಎರಡು ಚೌಕಗಳೂ ಒಂದೇ ಅಳತೆಯವಲ್ಲ. ಪುಟ್ಟಿ ಹಚ್ಚಿದ ದಪ್ಪವೂ ವ್ಯತ್ಯಾಸವಾಗುತ್ತದೆ. ಆದ್ದರಿಂದ ಹತ್ತಾರು ಚೌಕಗಳನ್ನು ಅಳೆದು, ಅವುಗಳಲ್ಲಿ ಅತಿ ಕಿರಿದಾದದ್ದಕ್ಕೆ ಹೊಂದುವಂತೆ ಲೋಹ ಕತ್ತರಿಸುವುದು ಜಾಣತನ. ಉಳಿದ ಒಂದೆರಡು ಮಿಲಿಮೀಟರಿನ ಹೆಚ್ಚುಕಡಿಮೆಯನ್ನು ರಬ್ಬರಿನ ತುದಿ ನುಂಗಿಕೊಳ್ಳುತ್ತದೆ. ಮೂಲೆಮಟ್ಟ ಇಟ್ಟು ಗೆರೆ ಹಾಕಿ, ಸಣ್ಣ ಹಲ್ಲಿನ ಲೋಹದ ಗರಗಸದಿಂದ ಕೊಯ್ಯಬೇಕು. ತುಟಿಗಳು ಒಳಕ್ಕೆ ಮುದುಡದಂತೆ, ಕೊಯ್ಯುವಾಗ ಸೀಳಿನೊಳಗೆ ಹೊಂದುವ ಮರದ ಚಕ್ಕೆಯೊಂದನ್ನು ತೂರಿಸಿಡುವುದು ಒಳ್ಳೆಯದು. ಕತ್ತರಿಸುವುದನ್ನು ಎರಡೂ ಬದಿಗೆ ಹಂಚಬೇಕು. ಒಂದೇ ಬದಿಯಲ್ಲಿ ಕತ್ತರಿಸಿದರೆ ಹಿಡಿಯನ್ನು ಕೂರಿಸುವ ರಂಧ್ರ ನಡುವಿನಿಂದ ಸರಿದುಹೋಗಿ ಒತ್ತಡ ಒಂದು ಪಕ್ಕಕ್ಕೆ ವಾಲುತ್ತದೆ.

ಸರಿಯಾಗಿ ಹೊಂದಿದ ಚಾನೆಲ್ ಮೇಲಿಂದ ಕೆಳಗೆ ಒಂದೇ ಎಳೆತದಲ್ಲಿ ಚೌಕವನ್ನು ಮುಗಿಸುತ್ತದೆ. ಒರೆಸಲು ಉಳಿಯುವುದು ಕೆಳಗಿನ ಅಂಚಿನ ನೀರು ಮಾತ್ರ. ನೂರು ಚೌಕಗಳ ಮನೆಯಲ್ಲಿ ಇದರಿಂದ ಉಳಿಯುವ ಶ್ರಮ ಎಷ್ಟೆಂದು ಏಣಿಯ ಮೇಲೆ ನಿಂತವರಿಗೆ ಗೊತ್ತು. ಒಂದೇ ಮನೆಗೆಂದು ಕತ್ತರಿಸಿದ ಚಾನೆಲ್ಲನ್ನು ಆ ಮನೆಯ ಗುರುತು ಬರೆದು ವರ್ಷಗಟ್ಟಲೆ ಜೋಪಾನ ಮಾಡುವುದು ಅರ್ಥವಿರುವ ಅಭ್ಯಾಸ.

ಕಾರ್ಖಾನೆಗೆ ಬಂದ ಮಾರ್ಪಾಡುಗಳು

ಕೈಯಲ್ಲಿ ಅರ ಹಿಡಿದು ಮಾಡುತ್ತಿದ್ದ ಬದಲಾವಣೆಗಳನ್ನು ಈಗ ತಯಾರಕರೇ ಮಾಡಿ ಮಾರುತ್ತಾರೆ. ಸೋರ್ಬೋ ಕಂಪನಿಯ ಅಗಲ ಮೈಯ ಅಲ್ಯೂಮಿನಿಯಂ ಚಾನೆಲ್‌ಗಳಲ್ಲಿ ತುದಿಯನ್ನು 40 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಮಾದರಿಯಿದೆ. ಬೆಲ್ಜಿಯಮ್ಮಿನ ಮೂರ್ಮನ್ ಕಂಪನಿಯ ಲಿಕ್ವಿಡೇಟರ್ ಚಾನೆಲ್ ಇನ್ನೂ ಮುಂದೆ ಹೋಗಿದೆ. ಅದರ ತುದಿಗೆ ಪ್ಲಾಸ್ಟಿಕ್ಕಿನ ವಿಶೇಷ ಟೊಪ್ಪಿಗೆ ಇದ್ದು, ರಬ್ಬರನ್ನು ಕೊನೆಯವರೆಗೂ ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಬದಿಯಲ್ಲಿ ನೀರಿನ ಗೆರೆ ಉಳಿಯದಿರಲೆಂಬುದೇ ಅದರ ಉದ್ದೇಶ. 1964ರಲ್ಲಿ ಆರಂಭವಾದ, ಜರ್ಮನಿಯ ಜೋಲಿಂಗನ್ನಿನ ಉಂಗರ್ ಕಂಪನಿ ಉಕ್ಕಿನ ಮತ್ತು ಅಲ್ಯೂಮಿನಿಯಮ್ಮಿನ ಚಾನೆಲ್‌ಗಳನ್ನು ತುದಿಕ್ಲಿಪ್ಪುಗಳೊಂದಿಗೆ ಕೊಡುತ್ತದೆ. ಆಸ್ಟ್ರೇಲಿಯದ ವ್ಯಾಗ್‌ಟೇಲ್ ಬೇರೆಯೇ ದಾರಿ ಹಿಡಿದು, ಹಿಡಿ ಮತ್ತು ಚಾನೆಲ್ ಕೂಡುವಲ್ಲಿ ಕೀಲು ಇಟ್ಟಿತು. ಕೋಲಿನ ತುದಿಯಲ್ಲಿದ್ದರೂ ತಲೆ ತಾನಾಗಿ ತಿರುಗುತ್ತದೆ.

ಹಾಗೆಂದು ಕೈಗೆಲಸ ನಿಂತಿಲ್ಲ. ಟೊಪ್ಪಿಗೆಯುಳ್ಳ ಚಾನೆಲ್‌ಗಳಿಗೆ ಬಿಡಿಭಾಗ ಮತ್ತೆ ಮತ್ತೆ ಕೊಳ್ಳಬೇಕು. ಹಿತ್ತಾಳೆಯ ಪಟ್ಟಿಯೊಂದನ್ನು ಒಮ್ಮೆ ಹದ ಮಾಡಿಕೊಂಡರೆ ಅದು ಬಹುಕಾಲ ಬಾಳುತ್ತದೆ. ಎರಡರಲ್ಲಿ ಹಿತ್ತಾಳೆಯತ್ತ ಈ ಬರಹಗಾರನ ಒಲವು.

ವೇಗದ ಸ್ಪರ್ಧೆಗಳಲ್ಲಿ ಚಾನೆಲ್‌ನ ಉದ್ದವೇ ನಿಯಮದ ಭಾಗ. 114.3 ಸೆಂಟಿಮೀಟರ್ ಚದರದ ಮೂರು ಕಚೇರಿ ಕಿಟಕಿಗಳು, 30 ಸೆಂಟಿಮೀಟರಿನ ಸ್ಕ್ವೀಜಿ, 9 ಲೀಟರ್ ನೀರು: ಈ ಕಟ್ಟಳೆಯಲ್ಲಿ ಬ್ರಿಟನ್ನಿನ ಟೆರಿ ಬರೋಸ್ 2009ರಲ್ಲಿ 9.14 ಸೆಕೆಂಡಿನಲ್ಲಿ ಕೆಲಸ ಮುಗಿಸಿ ಗಿನ್ನೆಸ್ ದಾಖಲೆ ಬರೆದರು. ಗಾಜಿನ ಮೇಲೆ ಉಳಿದ ಪ್ರತಿ ಗೆರೆಗೂ ಅರ್ಧ ಸೆಕೆಂಡಿನ ದಂಡವಿರುತ್ತದೆ. ಎಳೆತ ವೇಗವಾದಷ್ಟೂ ರಬ್ಬರಿನಡಿ ನುಸುಳುವ ನೀರಿನ ಪದರ ದಪ್ಪವಾಗುವುದರಿಂದ ಈ ದಂಡ ತೂಕದ್ದೇ.

ಬೆಂಗಳೂರಿನ ಸಂದರ್ಭ

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಮೇಲೆ ಹಗ್ಗದಲ್ಲಿ ಇಳಿಬಿದ್ದು ವೈಪರ್ ಎಳೆಯುವವರನ್ನು ದಾರಿಹೋಕರೆಲ್ಲ ಕಂಡಿರುತ್ತಾರೆ. ಅಲ್ಲಿ ಸಣ್ಣ ಚೌಕಗಳ ತೊಂದರೆಯಿಲ್ಲ. ಹಾಳೆಗಳು ದೊಡ್ಡವು, ಚಾನೆಲ್‌ಗಳೂ ಉದ್ದ. ಇಲ್ಲಿನ ವೈರಿ ನೀರು. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಅಂಚಿನಲ್ಲಿ ಉಳಿದ ಬೆರಳಗಲದ ಗೆರೆ ಬಿಸಿಲಿಗೆ ಆರಿ ಬಿಳಿಯ ಕಲೆಯಾಗುತ್ತದೆ. ವಾರಗಳು ಕಳೆದರೆ ಅದು ಸಾಬೂನಿಗೆ ಜಗ್ಗುವುದಿಲ್ಲ, ಆಮ್ಲ ಬೆರೆತ ದ್ರಾವಣ ಬೇಕಾಗುತ್ತದೆ. ಮೆದು ನೀರಿನ ಊರಿನಲ್ಲಿ ಕ್ಷಮೆಯಿರುವ ತಪ್ಪಿಗೆ ಇಲ್ಲಿ ಕ್ಷಮೆಯಿಲ್ಲ. ಹಗ್ಗದಲ್ಲಿ ತೂಗುವವನಿಗೆ ಬಟ್ಟೆ ತೆಗೆದು ಅಂಚು ಒರೆಸಲು ಇನ್ನೊಂದು ಕೈ ಸುಲಭವಾಗಿ ಸಿಗುವುದೂ ಇಲ್ಲ. ತುದಿ ಹದ ಮಾಡಿದ ಚಾನೆಲ್ ಹೆಚ್ಚು ಬೇಕಾದದ್ದು ಇಂಥವನಿಗೆ. ಗುತ್ತಿಗೆದಾರರು ಅಗ್ಗದ ವೈಪರ್ ಕೊಟ್ಟು ಗಾಜಿನ ಕಲೆಗೆ ಕೆಲಸಗಾರನನ್ನು ಗದರಿಸುವುದು ಅನ್ಯಾಯ.

ಮಿತಿಗಳು

ಉದ್ದ ಕೋಲಿನ ತುದಿಯಲ್ಲಿ ಎತ್ತರದ ಗಾಜನ್ನು ಎಳೆಯುವಾಗ ಕೈ ಕೆಳಗಿಳಿದಂತೆ ರಬ್ಬರು ಗಾಜನ್ನು ಮುಟ್ಟುವ ಕೋನವೇ ಬದಲಾಗುತ್ತದೆ. ಅದನ್ನು ಚಾನೆಲ್ ತಿದ್ದಿ ಸರಿಪಡಿಸಲಾಗದು, ಹಿಡಿಯ ಓರೆಯನ್ನು ಬದಲಿಸಬೇಕು. ಒಂದು ಕಂಪನಿಯ ಚಾನೆಲ್ಲನ್ನು ಇನ್ನೊಂದರ ಹಿಡಿಗೆ ಹೊಂದಿಸುವ ಕೆಲಸವೂ ಉಂಟು. ಹಿಡಿಯ ದವಡೆ ಸಡಿಲವಾಗಿದ್ದರೆ ನಡು ಎಳೆತದಲ್ಲಿ ಚಾನೆಲ್ ಜಾರಿ ಬೀಳುವ ಅಪಾಯವಿರುವುದರಿಂದ ಎತ್ತರದಲ್ಲಿ ಇಂಥ ಜೋಡಣೆ ಸಲ್ಲದು. ಲವಣ ತೆಗೆದ ಶುದ್ಧ ನೀರನ್ನು ಕೋಲಿನೊಳಗಿಂದ ಬ್ರಷ್ಷಿಗೆ ಹಾಯಿಸಿ, ಒರೆಸದೆ ಹಾಗೆಯೇ ಆರಲು ಬಿಡುವ ವಿಧಾನ ಹೊರಗಿನ ಗಾಜುಗಳಿಗೆ ಈಗ ವ್ಯಾಪಕವಾಗಿದೆ. ಅಲ್ಲಿ ಚಾನೆಲ್‌ಗೆ ಕೆಲಸವೇ ಇಲ್ಲ. ಆದರೆ ಕೋಣೆಯೊಳಗಿನ ಗಾಜಿಗೆ, ಮರದ ನೆಲ ಮತ್ತು ಪರದೆಗಳ ಪಕ್ಕದಲ್ಲಿ ಹಾಗೆ ನೀರು ಹಾಯಿಸಲಾಗದು. ಅಲ್ಲಿ ಇಂದಿಗೂ ಬೇಕಾಗುವುದು ಒದ್ದೆ ಬಟ್ಟೆ, ಅರ್ಧ ಬಕೆಟ್ ನೀರು, ಚೌಕಟ್ಟಿನ ಸಂದಿಗೆ ತುದಿ ಹೊಂದುವಂತೆ ಉಜ್ಜಿಕೊಂಡ ಹಿತ್ತಾಳೆಯ ಪಟ್ಟಿ.